ವಾರಾಂತ್ಯದ ದಂಡಯಾತ್ರೆ



ಮಳೆ ಹಿಡಿಯಿತೆಂದರೆ ನನಗೆ ಬರುವ ಪತ್ರಗಳೂ ದೂರವಾಣಿ ಕರೆಗಳೂ ಹೆಚ್ಚಾಗುತ್ತವೆ. ಬೆಂಗಳೂರಿನಲ್ಲಿ, ಪುಣೆಯಲ್ಲಿ, ಹುಬ್ಬಳ್ಳಿಯಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳು, ಅಳಿಯಂದಿರು, ಮೊಮ್ಮಕ್ಕಳು ಕೇಳುವ ಪ್ರಶ್ನೆ ಬಹುಮಟ್ಟಿಗೆ ಒಂದೇ: "ಶನಿವಾರ, ಭಾನುವಾರ ಎರಡು ದಿನ ಬಿಡುವಿದೆ. ಬೆಳಗಾವಿ, ಖಾನಾಪುರದ ಕಡೆ ಏನೇನು ನೋಡಬಹುದು? ಊಟ ಎಲ್ಲಿ ಚೆನ್ನಾಗಿದೆ?" ಪ್ರಶ್ನೆಯಲ್ಲಿ ದೋಷವಿಲ್ಲ. ಆದರೆ ಅದರ ಬೆನ್ನಿಗೇ ಅವರು ಹೇಳುವ ಯೋಜನೆಯನ್ನು ಕೇಳಿದಾಗ ಸುಮ್ಮನಿರಲು ನನ್ನಿಂದ ಆಗುವುದಿಲ್ಲ. ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ ಹೇಳುವ ಬದಲು ಇಲ್ಲಿ ಎಲ್ಲರಿಗೂ ಒಮ್ಮೆಗೇ ಹೇಳಿಬಿಡುತ್ತೇನೆ.

ಆ ಯೋಜನೆಯ ಸ್ವರೂಪ ಹೀಗಿರುತ್ತದೆ. ಶುಕ್ರವಾರ ರಾತ್ರಿ ಕಾರು ಹೊರಡುತ್ತದೆ. ಶನಿವಾರ ಬೆಳಿಗ್ಗೆ ಜಾಂಬೋಟಿ ದಾಟಿ ವಜ್ರಪೋಹ ಜಲಪಾತ, ಅಲ್ಲಿಂದ ಚಿಖಲೆ ಜಲಪಾತ, ಮಧ್ಯಾಹ್ನ ಕಣಕುಂಬಿಯಲ್ಲಿ ಹತ್ತು ನಿಮಿಷ, ಸಂಜೆಗೆ ರೆಸಾರ್ಟು. ಭಾನುವಾರ ಚೋರ್ಲಾ ಘಟ್ಟ ಇಳಿದು ಗೋವೆಯಲ್ಲಿ ಊಟ, ಹಿಂದಿರುಗುವಾಗ ಬೆಳಗಾವಿಯಲ್ಲಿ ಕಾರಿನಿಂದ ಇಳಿಯದೆಯೇ ಎರಡು ಕಿಲೋ ಕುಂದಾ. ನಡುವೆ ನಾಲ್ಕು ನೂರು ಭಾವಚಿತ್ರಗಳು. ಇದನ್ನು ಪ್ರವಾಸವೆಂದು ಕರೆಯಲು ನನಗೆ ನಾಲಿಗೆ ಏಳುವುದಿಲ್ಲ. ಇದು ದಂಡಯಾತ್ರೆ. ಹಿಂದಿನ ಕಾಲದ ದಂಡು ಊರ ಮೇಲೆ ಹಾದುಹೋದರೆ ಕೊಳ್ಳೆ ಹೋದ ಕಣಜ ಉಳಿಯುತ್ತಿತ್ತು. ಇಂದಿನ ದಂಡು ಹಾದುಹೋದರೆ ಒಡೆದ ಬಾಟಲಿ ಉಳಿಯುತ್ತದೆ. ನನ್ನ ಅಭಿಪ್ರಾಯ ಸ್ಪಷ್ಟವಿದೆ: ಖಾನಾಪುರ ಸೀಮೆಯನ್ನು ನಡೆದು ನೋಡಬೇಕು, ಅಲ್ಲಿನವರು ಬೇಯಿಸಿದ್ದನ್ನು ಉಣ್ಣಬೇಕು, ಅದರ ಬೆಲೆಯನ್ನು ಅವರ ಕೈಗೇ ಕೊಡಬೇಕು. ಇದಕ್ಕೆ ಸಿದ್ಧರಿಲ್ಲದವರು ಆ ಎರಡು ದಿನ ಮನೆಯಲ್ಲಿ ಮಲಗಿ ನಿದ್ದೆ ಮಾಡುವುದು ನಾಡಿಗೂ ಲೇಸು, ದೇಹಕ್ಕೂ ಲೇಸು.

ಕಾರಿನಲ್ಲಿ ಹೋಗುವವರಿಗೆ ತಿಳಿಯದೇ ಹೋಗುವ ಸಂಗತಿ ಯಾವುದು? ಮೊದಲನೆಯದು ಈ ನೆಲದ ತಿರುವು. ಬೆಳಗಾವಿಯಿಂದ ಖಾನಾಪುರಕ್ಕೆ ಸುಮಾರು 26 ಕಿಲೋಮೀಟರು. ಬೆಳಗಾವಿಯ ಪೂರ್ವಕ್ಕೆ ಎರೆಭೂಮಿ, ಜೋಳ, ಹತ್ತಿ. ಖಾನಾಪುರದ ಪಶ್ಚಿಮಕ್ಕೆ ಕೆಂಪು ಮಣ್ಣು, ಭತ್ತ, ಗೋಡಂಬಿ, ಹಲಸು, ಆಮೇಲೆ ದಟ್ಟ ಕಾಡು. ಬಯಲುಸೀಮೆ ಮುಗಿದು ಮಲೆನಾಡು ಹುಟ್ಟುವುದನ್ನು ಅರ್ಧ ದಿನದ ನಡಿಗೆಯಲ್ಲಿ ಕಾಲಿನಿಂದಲೇ ತಿಳಿಯಬಹುದಾದ ಜಾಗಗಳು ಕರ್ನಾಟಕದಲ್ಲಿ ಬಹಳ ಇಲ್ಲ. ತಟ್ಟೆಯಲ್ಲಿಯೂ ಇದೇ ತಿರುವು: ರೊಟ್ಟಿ ಹಿಂದೆ ಸರಿಯುತ್ತದೆ, ಅನ್ನ ಮುಂದೆ ಬರುತ್ತದೆ. ಗಂಟೆಗೆ ಎಂಬತ್ತು ಕಿಲೋಮೀಟರಿನ ವೇಗದಲ್ಲಿ ಹೋಗುವವನಿಗೆ ಇದು ಕಾಣುವುದಿಲ್ಲ. ಹೆದ್ದಾರಿಯನ್ನು ಅಗಲ ಮಾಡುವಾಗ ಆ ದಾರಿಯ ಹಳೆಯ ಸಾಲುಮರಗಳೂ ಉರುಳಿದುದರಿಂದ ಈಗ ಕಾಣಲು ಉಳಿದಿರುವುದೂ ಕಡಿಮೆಯೇ.

ಎರಡನೆಯದು ನೀರು. ಮಲಪ್ರಭೆ ಹುಟ್ಟುವುದು ಇದೇ ತಾಲೂಕಿನ ಕಣಕುಂಬಿಯಲ್ಲಿ. ಅಲ್ಲಿಂದ ಹೊರಟು ಸುಮಾರು 304 ಕಿಲೋಮೀಟರು ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ನಡುದಾರಿಯಲ್ಲಿ ಸವದತ್ತಿಯ ಬಳಿ ನವಿಲುತೀರ್ಥದ ಜಲಾಶಯ. ಹುಬ್ಬಳ್ಳಿ–ಧಾರವಾಡದ ನಲ್ಲಿಗಳಲ್ಲಿ ಬರುವುದು ಆ ನೀರೇ. ಮಹದಾಯಿಯ ಮೂಲವೂ ಇದೇ ತಾಲೂಕಿನ ಕಾಡಿನಲ್ಲಿದೆ. ಅದರ ನೀರಿಗಾಗಿ ನಮ್ಮ ಭಾಗದ ರೈತರು ವರ್ಷಗಟ್ಟಲೆ ಬೀದಿಯಲ್ಲಿ ಕುಳಿತರು. 2018ರ ಆಗಸ್ಟ್ 14ರಂದು ನ್ಯಾಯಾಧಿಕರಣವು ಕರ್ನಾಟಕಕ್ಕೆ 13.42 ಟಿ.ಎಂ.ಸಿ. ಹಂಚಿಕೆ ಮಾಡಿ ತೀರ್ಪಿತ್ತಿತು. ಕಳಸಾ–ಬಂಡೂರಿ ಎಂದು ಕೂಗುವವರು ನಮ್ಮಲ್ಲಿ ಅನೇಕರಿದ್ದಾರೆ, ಕೂಗಲಿ. ಆದರೆ ಹಾಗೆ ಕೂಗುವ ಊರಿನ ಹುಡುಗರೇ ಶನಿವಾರ ಬಂದು ಅದೇ ಹಳ್ಳಗಳ ಬಾಯಲ್ಲಿ ತಿಂಡಿಯ ಪೊಟ್ಟಣಗಳನ್ನೂ ಮದ್ಯದ ಬಾಟಲಿಗಳನ್ನೂ ಎಸೆದು ಹೋಗುವುದನ್ನು ಏನೆಂದು ಕರೆಯಬೇಕು? ತವರಿನಲ್ಲಿ ಕೆಸರೆರಚಿ, ಬೀಗರ ಮನೆಯಲ್ಲಿ ತೀರ್ಥ ಬೇಡಿದ ಹಾಗಾಯಿತು.

ಈ ಜಲಪಾತದ ಹುಚ್ಚಿನ ಬಗ್ಗೆ ಎರಡು ಮಾತು. ಜುಲೈ, ಆಗಸ್ಟಿನಲ್ಲಿ ಇಲ್ಲಿನ ಹಳ್ಳಗಳು ಹೇಳಿಕೇಳಿ ಏರುವುದಿಲ್ಲ. ಘಟ್ಟದ ಮೇಲೆ ಸುರಿದ ಮಳೆ ಕೆಳಗಿನವನಿಗೆ ತಿಳಿಯುವಷ್ಟರಲ್ಲಿ ನೀರು ಸೊಂಟಕ್ಕೆ ಬಂದಿರುತ್ತದೆ. ಆದ್ದರಿಂದಲೇ ಈಚಿನ ವರ್ಷಗಳಲ್ಲಿ ಮಳೆಗಾಲ ಬಂದರೆ ಅರಣ್ಯ ಇಲಾಖೆಯವರೂ ಪೊಲೀಸರೂ ಜಲಪಾತಗಳಿಗೆ ಪ್ರವೇಶ ನಿರ್ಬಂಧಿಸುತ್ತಾರೆ. ಅವರ ಕಣ್ಣು ತಪ್ಪಿಸಿ ಹೋಗುವುದನ್ನೇ ಸಾಹಸವೆಂದು ಕೆಲವರು ಹೇಳಿಕೊಳ್ಳುತ್ತಾರೆ. 2022ರ ನವೆಂಬರಿನಲ್ಲಿ, ಅಂದರೆ ಮಳೆ ನಿಂತ ಮೇಲೆಯೇ, ಗಡಿಯಾಚೆಯ ಕಿತವಾಡ ಜಲಪಾತದಲ್ಲಿ ಬೆಳಗಾವಿಯ ನಾಲ್ವರು ಯುವತಿಯರು ನೀರುಪಾಲಾದರು. ಓದುವ ವಯಸ್ಸಿನ ಮಕ್ಕಳು. ನಲವತ್ತು ವರ್ಷ ಮಕ್ಕಳ ಹಾಜರಿ ಕರೆದವನಿಗೆ ಇಂಥ ಸುದ್ದಿಯನ್ನು ಓದಿ ಪುಟ ತಿರುಗಿಸಲಾಗುವುದಿಲ್ಲ. ಒಂದು ಭಾವಚಿತ್ರಕ್ಕೆ ಇಷ್ಟು ಬೆಲೆಯಿಲ್ಲ.

ಇನ್ನು ಕಾಡಿನ ಮಾತು. ಭೀಮಗಡ ವನ್ಯಜೀವಿಧಾಮವನ್ನು ಸರ್ಕಾರ ಘೋಷಿಸಿದ್ದು 2011ರಲ್ಲಿ, ವಿಸ್ತೀರ್ಣ 190.42 ಚದರ ಕಿಲೋಮೀಟರು. ಇದರೊಳಗಿನ ಬಾರಾಪೇಡೆ ಗುಹೆಗಳಲ್ಲಿ ಒಂದು ಜಾತಿಯ ಬಾವಲಿ ಇದೆ. ರಾಟನ್ ಎಂಬವರ ಹೆಸರಿನಿಂದ ಕರೆಯಲಾಗುವ ಆ ಬಾವಲಿಯನ್ನು ಪ್ರಾಣಿಶಾಸ್ತ್ರಜ್ಞರು 1913ರಲ್ಲಿ ವಿವರಿಸಿದರು. ಅನಂತರ ಬಹುಕಾಲದವರೆಗೆ ಇಡೀ ಜಗತ್ತಿನಲ್ಲಿ ಅದರ ವಾಸಸ್ಥಾನವೆಂದು ತಿಳಿದಿದ್ದುದು ಈ ಒಂದು ನೆಲೆ ಮಾತ್ರ. ಮೇಘಾಲಯದಲ್ಲಿ, ಕಾಂಬೋಡಿಯಾದಲ್ಲಿ ಅದು ಸಿಕ್ಕಿದ್ದು ಈಚೆಗೆ. ಗುಹೆಯೊಳಗೆ ದೀಪ ಹಿಡಿದು ಗಲಾಟೆ ಮಾಡಿದರೆ ಬಾವಲಿಗಳು ಮರಿಗಳನ್ನು ಬಿಟ್ಟು ಚದುರುತ್ತವೆ. ಆದಕಾರಣ "ಬಾರಾಪೇಡೆಗೆ ದಾರಿ ಹೇಳಿ ಸರ್" ಎಂದು ಕೇಳುವವರಿಗೆ ನನ್ನ ಉತ್ತರ ಒಂದೇ: ಹೇಳುವುದಿಲ್ಲ. ಜಗತ್ತಿನಲ್ಲಿ ನಾವು ಹೋಗದೆ ಇರಬೇಕಾದ ಜಾಗಗಳೂ ಇವೆ. ಹೋಗದೆ ಇರುವುದೂ ಒಂದು ಬಗೆಯ ವಿದ್ಯೆ.

ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ಕಾಡುವ ಸಂಗತಿ ಇನ್ನೊಂದಿದೆ. ನಿಮಗೆ ನಡಿಗೆ ಎಂದರೆ ವಿನೋದ. ಈ ಕಾಡಿನೊಳಗಿನ ಆಮಗಾಂವ, ಕೊಂಗಳಾ, ಗವಾಳಿ, ಪಾಸ್ತೋಳಿ, ಕೃಷ್ಣಾಪುರಗಳ ಜನರಿಗೆ ನಡಿಗೆ ಎಂದರೆ ರೇಷನ್ನು, ಶಾಲೆ, ದವಾಖಾನೆ. ಆಮಗಾಂವದಲ್ಲಿ 2010ರಲ್ಲಿ ಬಿದ್ದ ಮಳೆ ಹತ್ತು ಸಾವಿರ ಮಿಲಿಮೀಟರನ್ನು ದಾಟಿತ್ತು. ಅಂಥ ಮಳೆಯಲ್ಲಿ ಸೇತುವೆಯಿಲ್ಲದ ಹಳ್ಳ ದಾಟುವುದೆಂದರೇನು, ಊಹಿಸಿರಿ. 2024ರ ಜುಲೈನಲ್ಲಿ ಆ ಊರಿನ ಅಸ್ವಸ್ಥ ಮಹಿಳೆಯೊಬ್ಬರನ್ನು ಊರವರು ಹೆಗಲ ಮೇಲೆ ಹೊತ್ತು, ಮಳೆಯಲ್ಲಿ ಮೈಲುಗಟ್ಟಲೆ ನಡೆದು ವಾಹನದವರೆಗೆ ತಂದರು. ಪತ್ರಿಕೆಗಳಲ್ಲಿ ಅದರ ಚಿತ್ರ ಬಂದಿತ್ತು. ಅದೇ ವಾರ, ಅದೇ ತಾಲೂಕಿನ ಜಲಪಾತದ ಚಿತ್ರಗಳನ್ನು ನಿಮ್ಮಲ್ಲಿ ಕೆಲವರು ನನಗೆ ಕಳಿಸಿದ್ದಿರಿ. ಪಕ್ಕದ ತಳೇವಾಡಿಯ ಹಲವು ಕುಟುಂಬಗಳು ಸರ್ಕಾರದ ಪರಿಹಾರ ಪಡೆದು 2025ರಲ್ಲಿ ಕಾಡು ಬಿಡಲು ಒಪ್ಪಿದವು. ಹುಟ್ಟಿದ ಊರನ್ನು ಬಿಡುವುದಕ್ಕೆ ಒಪ್ಪುವವರ ಕಷ್ಟ ಎಷ್ಟಿರಬೇಕು! ಒಂದೇ ದಾರಿ, ಒಬ್ಬನಿಗೆ ಚಾರಣ, ಇನ್ನೊಬ್ಬನಿಗೆ ಬಾಳುವೆ. ಈ ವ್ಯತ್ಯಾಸ ತಿಳಿಯದವನು ಎಷ್ಟು ಮೈಲಿ ನಡೆದರೂ ನಡೆದಂತಲ್ಲ.

"ಪ್ರವಾಸಿಗರು ಬಂದರೆ ಹಳ್ಳಿಗೆ ನಾಲ್ಕು ಕಾಸು ಬರುತ್ತದಲ್ಲ ಸರ್" ಎಂದು ನನ್ನ ವಾಣಿಜ್ಯ ಓದಿದ ಶಿಷ್ಯರು ವಾದಿಸುತ್ತಾರೆ. ವಾದ ಸರಿ, ಲೆಕ್ಕ ತಪ್ಪು. ನಿಮ್ಮ ಎರಡು ದಿನದ ಖರ್ಚನ್ನು ಒಂದು ಹಾಳೆಯ ಮೇಲೆ ಬರೆದು ನೋಡಿರಿ. ಪೆಟ್ರೋಲು, ಸುಂಕ, ರೆಸಾರ್ಟಿನ ಕೋಣೆ, ನಗರದಿಂದ ತಂದ ತಿಂಡಿಯ ಪೊಟ್ಟಣ, ನೀರಿನ ಬಾಟಲಿ, ಗೋವೆಯ ಊಟ. ಇದರಲ್ಲಿ ಜಾಂಬೋಟಿಯ ಸಂತೆಯಲ್ಲಿ ಬುಟ್ಟಿ ಇಟ್ಟುಕೊಂಡು ಕುಳಿತ ಹೆಣ್ಣುಮಗಳ ಸೆರಗಿಗೆ ಬಿದ್ದದ್ದೆಷ್ಟು? ದಾರಿಬದಿಯ ಚಹಾದ ಅಂಗಡಿಯವನಿಗೆ ಇಪ್ಪತ್ತು ರೂಪಾಯಿ ಸಿಕ್ಕಿರಬಹುದು. ನೀವು ಬಿಟ್ಟುಹೋದ ಕಸ ಹೊರುವ ಕೂಲಿಗೆ ಅದು ಸಾಲದು.

ಇನ್ನು ಕೆಲವರದು ಇದಕ್ಕೆ ತದ್ವಿರುದ್ಧವಾದ ಮಾತು: "ಹಾಗಾದರೆ ಎಲ್ಲರನ್ನೂ ನಿಷೇಧಿಸಿಬಿಡಲಿ." ಇದನ್ನೂ ನಾನು ಒಪ್ಪಲಾರೆ. ನೋಡದ ನಾಡನ್ನು ಯಾರೂ ಪ್ರೀತಿಸಲಾರರು, ಪ್ರೀತಿಸದ ನಾಡಿಗಾಗಿ ಯಾರೂ ದನಿ ಎತ್ತಲಾರರು. ವನ್ಯಜೀವಿಧಾಮದೊಳಗೆ ಅನುಮತಿಯಿಲ್ಲದೆ ಕಾಲಿಡಬಾರದು, ಸರಿ. ಆದರೆ ಖಾನಾಪುರ ತಾಲೂಕು ಎಂದರೆ ಬರಿಯ ಜೀವಿಧಾಮವಲ್ಲ. ಊರಿಂದ ಊರಿಗೆ ಹೋಗುವ ಬಂಡಿದಾರಿಗಳಿವೆ, ಗದ್ದೆಯ ಬದುಗಳಿವೆ, ನದಿಯ ದಂಡೆಯಿದೆ, ಹಳೆಯ ಗುಡಿಗಳಿವೆ. ಇವು ಯಾರಿಗೂ ಮುಚ್ಚಿಲ್ಲ. ಮುಚ್ಚಿರುವುದು ನಮ್ಮ ಕಣ್ಣು ಮಾತ್ರ. ಇಲಾಖೆಯವರೂ "ಪ್ರವೇಶವಿಲ್ಲ" ಎಂಬ ಫಲಕ ಹಾಕಿ ಕೈತೊಳೆದುಕೊಳ್ಳುವ ಬದಲು, ಎಲ್ಲಿ ಹೋಗಬಹುದು ಎಂಬ ಫಲಕವನ್ನೂ ಹಾಕಲಿ. ದಾರಿ ತೋರಿಸುವ ಕೆಲಸವನ್ನು ಕೂಲಿ ಕೊಟ್ಟು ಆಯಾ ಊರಿನ ಹುಡುಗರಿಗೇ ಒಪ್ಪಿಸಲಿ.

ಬರಿಯ ಟೀಕೆ ಮಾಡಿ ಎದ್ದುಹೋಗುವುದು ಮೇಷ್ಟರ ಧರ್ಮವಲ್ಲ. ತಪ್ಪು ತಿದ್ದಿದ ಮೇಲೆ ಸರಿಯುತ್ತರವನ್ನೂ ಹಲಗೆಯ ಮೇಲೆ ಬರೆಯಬೇಕು. ಆದ್ದರಿಂದ ನನ್ನ ಎರಡು ದಿನದ ಯೋಜನೆಯನ್ನು ಇಲ್ಲಿ ಒಪ್ಪಿಸುತ್ತೇನೆ. ಮೊದಲ ನಿಯಮ: ಮಳೆಗಾಲದಲ್ಲಿ ಬರಬೇಡಿರಿ. ದೀಪಾವಳಿಯ ನಂತರ ಬನ್ನಿರಿ. ಆಗ ಭತ್ತದ ಕೊಯ್ಲು ನಡೆದಿರುತ್ತದೆ, ಹಳ್ಳಗಳು ತಿಳಿಯಾಗಿರುತ್ತವೆ, ಬೆಳಗಾವಿಯ ಚಳಿ ನಡೆಯುವವನಿಗೆ ಹಿತವಾಗಿರುತ್ತದೆ. ಫೆಬ್ರುವರಿಯವರೆಗೂ ಸಮಯವಿದೆ. ಎರಡನೆಯ ನಿಯಮ: ಕಾರನ್ನು ಬೆಳಗಾವಿಯಲ್ಲಿ ಬಿಡಿರಿ.

ಶನಿವಾರ ನಗರಕ್ಕೆ ಮೀಸಲು. ಬೆಳಿಗ್ಗೆ ಏಳಕ್ಕೆ ಕೋಟೆಯೊಳಗೆ ನಡೆಯಿರಿ. 1204ರಲ್ಲಿ ರಟ್ಟರ ಅಧಿಕಾರಿ ಬೀಚಿರಾಜ ಕಟ್ಟಿಸಿದ ಕಮಲ ಬಸದಿ ಅಲ್ಲಿದೆ. ತಲೆಯೆತ್ತಿ ನೋಡಿದರೆ ಮಾಡಿನಲ್ಲಿ ಕಲ್ಲಿನ ಕಮಲ ತೂಗಿಬಿದ್ದಂತಿದೆ. ಅದೇ ಕೋಟೆಯಲ್ಲಿ ಹದಿನಾರನೆಯ ಶತಮಾನದ ಸಫಾ ಮಸೀದಿ ಇದೆ, ದುರ್ಗೆಯ ಗುಡಿ ಇದೆ, 1892ರ ಅಕ್ಟೋಬರಿನಲ್ಲಿ ಸ್ವಾಮಿ ವಿವೇಕಾನಂದರು ತಂಗಿದ್ದ ಮನೆ ರಾಮಕೃಷ್ಣ ಆಶ್ರಮದವರ ಆರೈಕೆಯಲ್ಲಿದೆ. ಒಂದೇ ಗೋಡೆಯೊಳಗೆ ಇಷ್ಟೆಲ್ಲ ಇರುವಾಗ ಮನುಷ್ಯರು ಬೇಲಿ ಹಾಕಿಕೊಳ್ಳುವುದು ನಾಚಿಕೆಗೇಡು. ಅಲ್ಲಿಂದ ಊರ ನಡುವೆ ನಡೆದು ತಿಲಕವಾಡಿಗೆ ಹೋಗಿರಿ. 1924ರ ಡಿಸೆಂಬರಿನಲ್ಲಿ ಗಾಂಧೀಜಿ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆ ವಹಿಸಿದ್ದು ಅಲ್ಲಿ. ಅವರು ಜೀವಮಾನದಲ್ಲಿ ಅಧ್ಯಕ್ಷರಾದ ಏಕೈಕ ಅಧಿವೇಶನವದು. ಅಂದು ಅಧಿವೇಶನಕ್ಕಾಗಿ ತೋಡಿದ ಬಾವಿ ಇಂದಿಗೂ ಇದೆ. ಬಂದವರಿಗೆ ನೀರು ಕೊಡುವುದು ಮೊದಲು, ಭಾಷಣ ಆಮೇಲೆ ಎಂಬುದು ಆ ಕಾಲದವರಿಗೆ ತಿಳಿದಿತ್ತು.

ಮಧ್ಯಾಹ್ನ ಖಾನಾವಳಿಯಲ್ಲಿ ಊಟ ಮಾಡಿರಿ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಝುಣಕ, ಕಾಳಿನ ಪಲ್ಯ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಮೊಸರು, ಹಸಿ ಉಳ್ಳಾಗಡ್ಡಿ. ಬಡಿಸುವ ತಾಯಿ "ಇನ್ನೊಂದು ರೊಟ್ಟಿ ಹಾಕ್ಲಾ?" ಎಂದು ಕೇಳಿದರೆ ಬೇಡವೆನ್ನುವ ಧೈರ್ಯ ನನಗಂತೂ ಇಲ್ಲ. ಕುಂದಾ ಕೊಳ್ಳುವಿರಾದರೆ ಅಂಗಡಿಯ ಮುಂದೆ ನಿಂತು ಕೊಳ್ಳಿರಿ; ಹಾಲನ್ನು ಕಾಯಿಸಿ, ಮೊಸರು ಬೆರೆಸಿ, ಸಕ್ಕರೆಯೊಡನೆ ಕಂದುಬಣ್ಣ ಬರುವವರೆಗೆ ಕೈಯಾಡಿಸುವವನ ತೋಳಿನ ಶ್ರಮ ಏನೆಂದು ಕೇಳಿ ತಿಳಿಯಿರಿ. ಮಂಡಿಗೆಯನ್ನೂ ಕೇಳಿರಿ. ಹಿಟ್ಟನ್ನು ಕೈಮೇಲೆಯೇ ಹಿಗ್ಗಿಸಿ, ಬೋರಲು ಹಾಕಿದ ಕಾದ ಪಾತ್ರೆಯ ಮೇಲೆ ಹರಡಿ ಬೇಯಿಸುವ ಆ ತೆಳ್ಳನೆಯ ಸಿಹಿ, ಮದುವೆಮನೆಗಳಿಂದ ನಿಧಾನವಾಗಿ ಮರೆಯಾಗುತ್ತಿದೆ. ಭಾವಚಿತ್ರದಲ್ಲಿ ಊರು ನೋಡುವವರು ಮನಸ್ಸಿನಲ್ಲಿ ಮಂಡಿಗೆ ತಿನ್ನುವವರು. ನೀವು ಬಾಯಿಂದಲೇ ತಿನ್ನಿರಿ.

ಸಂಜೆ ಯಳ್ಳೂರಿನ ರಾಜಹಂಸಗಡವನ್ನು ಏರಿ ಕೆಳಗಿನ ಗದ್ದೆಗಳನ್ನು ನೋಡಿರಿ. ಬೆಳಗಾವಿ ಬಾಸುಮತಿ ಎಂಬ ಪರಿಮಳದ ಅಕ್ಕಿ ಬೆಳೆಯುತ್ತಿದ್ದ ಸೀಮೆಯಿದು. ಒಂದು ಮನೆಯಲ್ಲಿ ಅನ್ನಕ್ಕಿಟ್ಟರೆ ಓಣಿಗೆಲ್ಲ ತಿಳಿಯುತ್ತಿತ್ತು ಎಂಬುದು ನಮ್ಮ ಪೀಳಿಗೆಯವರಿಗೆ ಕತೆಯಲ್ಲ, ಅನುಭವ. ಇಳುವರಿ ಕಡಿಮೆಯೆಂದು ರೈತರು ಬೇರೆ ತಳಿ ಹಿಡಿದರು, ಅವರನ್ನು ದೂರುವಂತಿಲ್ಲ. ಉಳಿದ ನೆಲಕ್ಕೆ ಬಡಾವಣೆ ಬಂತು, ರಸ್ತೆ ಬಂತು. ಹಲಗಾ–ಮಚ್ಛೆ ಬೈಪಾಸಿಗೆ ಫಲವತ್ತಾದ ಭೂಮಿ ಕೊಡಲೊಲ್ಲದ ರೈತರು ವರ್ಷಗಟ್ಟಲೆ ನ್ಯಾಯಾಲಯಕ್ಕೂ ಹೊಲಕ್ಕೂ ಅಲೆದರು. ನಾವು ಹತ್ತು ನಿಮಿಷ ಬೇಗ ಗೋವೆ ಮುಟ್ಟಲೆಂದು ಯಾರ ಅನ್ನದ ಮೇಲೆ ಡಾಂಬರು ಬೀಳುತ್ತದೆ ಎಂಬುದು ಆ ಗುಡ್ಡದ ಮೇಲಿನಿಂದ ಚೆನ್ನಾಗಿ ಕಾಣುತ್ತದೆ.

ಭಾನುವಾರ ಬೆಳಿಗ್ಗೆ ರೈಲಿನಲ್ಲಾಗಲಿ ಸಾರಿಗೆ ಬಸ್ಸಿನಲ್ಲಾಗಲಿ ಖಾನಾಪುರಕ್ಕೆ ಹೋಗಿರಿ. ಇಲ್ಲಿನ ಜೇಡಿಮಣ್ಣಿನ ಗುಣದಿಂದಲೇ ಹೆಂಚು, ಕುಂಬಾರಿಕೆ ಬೆಳೆದವು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಗ್ರಾಮ ಕುಂಬಾರಿಕೆ ಸಂಸ್ಥೆ ನೆಲೆಗೊಂಡದ್ದೂ ಇಲ್ಲಿಯೇ. ಒಂದು ಮಣ್ಣಿನ ಪಾತ್ರೆ ಕೊಂಡು ಚೀಲಕ್ಕೆ ಹಾಕಿಕೊಳ್ಳಿರಿ. ಅಲ್ಲಿಂದ ಅಸೋಗಾಕ್ಕೆ ನಡೆಯಿರಿ. ಮಲಪ್ರಭೆಯ ದಂಡೆಯ ಮೇಲೆ ರಾಮಲಿಂಗೇಶ್ವರನ ಗುಡಿ, ಬಂಡೆಗಳ ನಡುವೆ ಹರಿಯುವ ನೀರು. ನವಿಲುತೀರ್ಥದ ಅಣೆಕಟ್ಟು ಕಾಣುವ ಮೊದಲಿನ ಎಳೆಯ ಮಲಪ್ರಭೆ ಇವಳು. ದಂಡೆಯಲ್ಲಿ ಅರ್ಧ ಗಂಟೆ ಮಾತಿಲ್ಲದೆ ಕುಳಿತು ಬನ್ನಿರಿ.

ಮಧ್ಯಾಹ್ನದ ಮೇಲೆ ಬಸ್ಸು ಹಿಡಿದು ಹಲಸಿಗೆ ಹೋಗಿರಿ. ಇದೇ ಪ್ರಾಚೀನ ಪಲಾಶಿಕೆ, ಬನವಾಸಿ ಕದಂಬರ ಇನ್ನೊಂದು ರಾಜಧಾನಿ. ತನ್ನ ಪ್ರಾಣ ಉಳಿಸಿದ ಸೇನಾಪತಿ ಶ್ರುತಕೀರ್ತಿಗೆ ಕಾಕುಸ್ಥವರ್ಮ ಹೊಲವನ್ನು ದಾನ ಕೊಟ್ಟ ತಾಮ್ರಪಟ ಸಿಕ್ಕಿದ್ದು ಇಲ್ಲಿ. ಗೋವೆಯ ಕದಂಬರು ಹನ್ನೆರಡನೆಯ ಶತಮಾನದಲ್ಲಿ ಬೆಳೆಸಿದ ಭೂವರಾಹ ನರಸಿಂಹ ದೇಗುಲದಲ್ಲಿ ಎರಡು ಗರ್ಭಗುಡಿಗಳು ಎದುರುಬದುರಾಗಿವೆ. ಹತ್ತಿರದ ನಂದಗಡದಲ್ಲಿ 1831ರ ಜನವರಿ 26ರಂದು ಬ್ರಿಟಿಷರು ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದರು. ಆತನ ಸಮಾಧಿ ಅಲ್ಲಿದೆ. ಗಣರಾಜ್ಯೋತ್ಸವದ ದಿನ ಮಿಠಾಯಿ ಹಂಚುವಾಗ ಈ ತಾರೀಖನ್ನು ನಾನು ನಿಮಗೆ ಪ್ರತಿವರ್ಷವೂ ಹೇಳುತ್ತಿದ್ದೆ. ಎಷ್ಟು ಜನರಿಗೆ ನೆನಪಿದೆಯೋ!

ಊಟದ ಮಾತಿಗೆ ಮತ್ತೆ ಬರೋಣ. ಖಾನಾಪುರದ ಹಳ್ಳಿಗಳಲ್ಲಿ ಫಲಕ ಹಾಕಿದ ಹೋಟೆಲುಗಳನ್ನು ಹುಡುಕಬೇಡಿರಿ. ಮುಂಚಿತವಾಗಿ ಹೇಳಿದರೆ ಮನೆಯವರು ಅನ್ನ, ಸಾರು, ಮುರುಗಲದ ಹುಳಿ ಮಾಡಿ ಬಡಿಸುತ್ತಾರೆ. ಚೌಕಾಸಿ ಮಾಡದೆ ಹಣ ಕೊಡಿರಿ. ಬೇಸಿಗೆಯಲ್ಲಿ ಬಂದವರಿಗೆ ಕವಳಿಹಣ್ಣು, ನೇರಳೆ, ಹಲಸು, ಗೋಡಂಬಿ. ಕಾಡಂಚಿನ ಹೆಣ್ಣುಮಕ್ಕಳು ನಸುಕಿನಲ್ಲೆದ್ದು ಮುಳ್ಳಿನಲ್ಲಿ ಕೈತೂರಿಸಿ ಆಯ್ದ ಕವಳಿಹಣ್ಣನ್ನು ಬುಟ್ಟಿಯಲ್ಲಿ ಹೊತ್ತು ಪೇಟೆಗೆ ತರುತ್ತಾರೆ. ಅವರೊಡನೆ ಐದು ರೂಪಾಯಿಗೆ ಜಗಳವಾಡಿ, ರೆಸಾರ್ಟಿನಲ್ಲಿ ಐನೂರು ರೂಪಾಯಿಯ ಚಹಾ ತಿಂಡಿಗೆ ತುಟಿಪಿಟಕ್ಕೆನ್ನದೆ ಹಣ ತೆರುವ ವಿದ್ಯಾವಂತರನ್ನು ನಾನು ಕಂಡಿದ್ದೇನೆ. ನಮ್ಮ ಶಾಲೆಯ ವನಭೋಜನ ನೆನಪಿದೆಯಷ್ಟೆ? ಅರಿವೆಯಲ್ಲಿ ಕಟ್ಟಿದ ಬುತ್ತಿ, ಮುತ್ತುಗದ ಎಲೆ, ಉಂಡ ಮೇಲೆ ಎಲೆಯನ್ನು ದನಕ್ಕೆ ಹಾಕಿ ಬರುವುದು. ಊಟ ಮುಗಿದಾಗ ಅಲ್ಲಿ ನಾವು ಕುಳಿತಿದ್ದ ಗುರುತೂ ಉಳಿಯುತ್ತಿರಲಿಲ್ಲ. ಆ ಪಾಠವನ್ನು ಯಾವ ಪರೀಕ್ಷೆಯಲ್ಲೂ ಕೇಳಲಿಲ್ಲ, ಅದಕ್ಕೇ ಮರೆತಿರೇನೋ.

ಕೊನೆಯದಾಗಿ ಭಾಷೆಯ ಮಾತು. ಖಾನಾಪುರ ಸೀಮೆಯಲ್ಲಿ ಮರಾಠಿ ಮಾತನಾಡುವವರು ಬಹುಸಂಖ್ಯೆಯಲ್ಲಿದ್ದಾರೆ, ಕೊಂಕಣಿಯವರಿದ್ದಾರೆ. 1956ರ ಪುನರ್ವಿಂಗಡಣೆ, 1967ರ ಮಹಾಜನ ವರದಿ ಎಲ್ಲವನ್ನೂ ನಾನು ತರಗತಿಯಲ್ಲಿ ಪಾಠ ಮಾಡಿದವನೇ. ಬೆಳಗಾವಿ ಕರ್ನಾಟಕದ್ದು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ದಾರಿ ಕೇಳುವ ಅತಿಥಿಯು ಗಡಿವ್ಯಾಜ್ಯದ ವಕೀಲನಾಗಬಾರದು. "ನಮಸ್ಕಾರ ಕಾಕಾ" ಎಂಬುದು ಎರಡೂ ಭಾಷೆಯಲ್ಲಿ ನಡೆಯುವ ನಾಣ್ಯ. ನೀವು ನಾಲ್ಕು ಮಾತು ಮರಾಠಿಯಲ್ಲಿ ಆಡಿದರೆ ಅವರು ಎಂಟು ಮಾತು ಕನ್ನಡದಲ್ಲಿ ಆಡುತ್ತಾರೆ. ಕನ್ನಡ ಬೆಳೆಯುವುದು ಹೀಗೆ. ಕಾರಿನ ಮೇಲೆ ಬಾವುಟ ಕಟ್ಟಿಕೊಂಡು ಹಾರ್ನು ಬಾರಿಸುವುದರಿಂದಲ್ಲ.

ಈ ಯೋಜನೆಯಲ್ಲಿ ಜಲಪಾತವಿಲ್ಲ, ಗೋವೆಯಿಲ್ಲ, ಈಜುಕೊಳವಿಲ್ಲ ಎಂದು ಕೆಲವರಿಗೆ ಬೇಸರವಾದೀತು. ಆಗಲಿ. ಹತ್ತು ಜಾಗ ನೋಡಿದೆನೆನ್ನುವವನಿಗಿಂತ ಒಂದು ದಾರಿಯನ್ನು ಬಲ್ಲೆನೆನ್ನುವವನು ನನ್ನ ಲೆಕ್ಕದಲ್ಲಿ ಮೇಲಿನ ತರಗತಿಯವನು. ದೀಪಾವಳಿ ಕಳೆದ ಮೇಲೆ ಮಕ್ಕಳನ್ನೂ ಕರೆದುಕೊಂಡು ಬನ್ನಿರಿ. ಅವರ ಕಾಲಿಗೆ ಗಟ್ಟಿ ಚಪ್ಪಲಿ, ಹೆಗಲಿಗೆ ಬುತ್ತಿಯ ಚೀಲ ಇರಲಿ. ಕಾಲು ನಡೆಯುವಷ್ಟು ದೂರ ನಾನೂ ನಿಮ್ಮ ಜೊತೆ ಬರುತ್ತೇನೆ.